ಸಂಬಳ ಪೂರ್ತಿ ಹೋಗಲ್ಲ, ಹೆದರಬೇಡಿ

ಕ್ಯಾತ್ಸಂದ್ರದಲ್ಲಿ ಒಬ್ಬ ಸರ್ಕಾರಿ ಶಾಲೆ ಮೇಷ್ಟ್ರು ಇದ್ದಾರೆ ಅಂದುಕೊಳ್ಳಿ. ಸ್ನೇಹಿತನ ಸಾಲಕ್ಕೆ ಜಾಮೀನು ನಿಂತರು. ಸ್ನೇಹಿತ ಕೈ ಎತ್ತಿಬಿಟ್ಟ. ಇಬ್ಬರ ಮೇಲೂ ಡಿಕ್ರಿ ಆಯ್ತು. ಮೇಷ್ಟ್ರ ಸಂಬಳ ಜಪ್ತಿಗೆ ತುಮಕೂರಿನ ಕೋರ್ಟಿನಿಂದ ಬಟವಾಡೆ ಅಧಿಕಾರಿಗೆ ಆದೇಶ ಬಂತು. ಇಡೀ ಸಂಬಳ ಹೋಯ್ತಾ?

ಇಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ನೋಡಿ. ಮೊದಲ 1,000 ರೂಪಾಯಿ ಮುಟ್ಟುವಂತಿಲ್ಲ. ಉಳಿದಿದ್ದರಲ್ಲಿ ಮೂರರಲ್ಲಿ ಎರಡು ಪಾಲನ್ನೂ ಮುಟ್ಟುವಂತಿಲ್ಲ. ನಾನು ಓದಿದ್ದು ಎಂಜಿನಿಯರಿಂಗ್, ಲೆಕ್ಕ ಹಾಕಿಬಿಡೋಣ. ಜಪ್ತಿಗೆ ಹಿಡಿಯೋ ಸಂಬಳ 40,000 ಆದರೆ, ಕಡಿತ ಹೆಚ್ಚೆಂದರೆ 13,000. ಅದೂ ಒಂದು ಡಿಕ್ರಿಗೆ ಒಟ್ಟು 24 ತಿಂಗಳು ಮಾತ್ರ. ಆಮೇಲೆ ಆ ಡಿಕ್ರಿಗೆ ಸಂಬಳ ಸಿಗಲ್ಲ.

ಜೀವನಾಂಶದ ಡಿಕ್ರಿ ಮಾತ್ರ ಬೇರೆ. ಅಲ್ಲಿ ನೌಕರನಿಗೆ ಖಚಿತವಾಗಿ ಉಳಿಯೋದು ಮೂರನೇ ಒಂದು ಪಾಲು. ಸರಿಯೇ ತಾನೆ? ಹೆಂಡತಿ ಮಕ್ಕಳ ಹೊಟ್ಟೆ ಮೊದಲು.

ಆ 1,000 ರೂಪಾಯಿ 2002ರಲ್ಲಿ ಜಾರಿಗೆ ಬಂದ ಅಂಕಿ. ಅದನ್ನು ಏರಿಸಬೇಕು, ನಿಜ. ಆದರೆ ನನ್ನ ಚಿಂತೆ ಬೇರೆ. ಕೋರ್ಟಿಗೆ ಹೆದರಿ ಎಟಿಎಂ ಕಾರ್ಡನ್ನೇ ಬಡ್ಡಿಯವನ ಕೈಗಿಡುವವರಿದ್ದಾರೆ. ಕೋರ್ಟು ನಿಮ್ಮ ಅನ್ನಕ್ಕಿಷ್ಟು ಬಿಟ್ಟು ಉಳಿದಿದ್ದಕ್ಕೆ ಕೈ ಹಾಕುತ್ತೆ. ಬಡ್ಡಿಯವನು ಬಿಡ್ತಾನಾ?