ಅಳಿವೆಯ ಪುನಶ್ಚೇತನ: ಮಳೆನೀರಿನ ಚರಂಡಿಯಿಂದ ಆರಂಭವಾಗಬೇಕಾದ ಕಾರ್ಯ

(ಕರಾವಳಿ ಗ್ರಾಮ ಪಂಚಾಯತಿ ಸದಸ್ಯರ ಸಾಮರ್ಥ್ಯಾಭಿವೃದ್ಧಿ ಕಾರ್ಯಾಗಾರದ ಉಪನ್ಯಾಸ ಪಠ್ಯ)



ನದಿಯು ಸಮುದ್ರವನ್ನು ಸೇರುವ ತಾಣವನ್ನು ಕರಾವಳಿಯ ಜನರು ಅಳಿವೆಯೆಂದು ಕರೆಯುತ್ತಾರೆ. ಘಟ್ಟದಿಂದ ಇಳಿದು ಬಂದ ಸಿಹಿನೀರೂ ಉಬ್ಬರದೊಡನೆ ಒಳಬರುವ ಉಪ್ಪುನೀರೂ ಇಲ್ಲಿ ಬೆರೆಯುತ್ತವೆ. ಸಿಗಡಿ, ಏಡಿ, ಕಾಣೆ, ಮರುವಾಯಿ ಇವೆಲ್ಲಕ್ಕೂ ಅಳಿವೆಯೇ ಆಸರೆ. ಸಮುದ್ರದಲ್ಲಿ ಹಿಡಿಯುವ ಹಲವು ಮೀನುಗಳ ಮರಿಗಳು ಬೆಳೆಯುವುದೂ ಇಲ್ಲಿಯೇ. ಆದುದರಿಂದ ಅಳಿವೆ ಕೆಟ್ಟರೆ ನಷ್ಟವು ದಡದ ಹಳ್ಳಿಗಳಿಗೆ ಮಾತ್ರವಲ್ಲ, ಬಂದರಿನ ದೋಣಿಗಳಿಗೂ ತಟ್ಟುತ್ತದೆ.

ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಗುರುಪುರ ನದಿಗಳು ಉಳ್ಳಾಲ ಹಾಗೂ ಬೆಂಗ್ರೆಗಳ ನಡುವೆ ಒಂದೇ ಅಳಿವೆಯ ಮೂಲಕ ಸಮುದ್ರವನ್ನು ಸೇರುತ್ತವೆ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯು 2024ರಲ್ಲಿ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮಾನ್ಯತೆಯನ್ನು ಪಡೆಯಿತು. ಮೊದಲನೆಯದರ ದಡದಲ್ಲಿ ಮಹಾನಗರವಿದೆ; ಎರಡನೆಯದರ ದಡದಲ್ಲಿ ಹೆಚ್ಚಾಗಿ ಹಳ್ಳಿಗಳಿವೆ. ಒಂದಕ್ಕೆ ಚಿಕಿತ್ಸೆ ಬೇಕಾಗಿದೆ. ಇನ್ನೊಂದಕ್ಕೆ ರೋಗ ಬಾರದಂತಹ ಎಚ್ಚರ ಬೇಕಾಗಿದೆ. ಎರಡೂ ಕಡೆ ಮೊದಲ ಹೊಣೆಯು ಗ್ರಾಮ ಪಂಚಾಯತಿಯ ಅಂಗಳದಲ್ಲಿಯೇ ಇದೆ.

ಮಳೆನೀರು ಮಾಲಿನ್ಯವಾಗುವ ಬಗೆ

ಮಳೆನೀರು ಶುದ್ಧವಾದುದು, ಅದು ಹರಿಯುವ ನೆಲ ಶುದ್ಧವಾಗಿರುವುದಿಲ್ಲ. ಬೇಸಿಗೆಯ ಉದ್ದಕ್ಕೂ ರಸ್ತೆಯ ಮೇಲೆ ವಾಹನಗಳ ಎಣ್ಣೆ, ಟೈರಿನ ಪುಡಿ, ಧೂಳು, ಪ್ಲಾಸ್ಟಿಕ್ ಸಂಗ್ರಹವಾಗುತ್ತವೆ. ಕಟ್ಟಡ ಕಾಮಗಾರಿಯ ಸಡಿಲ ಮಣ್ಣು, ಕೊಟ್ಟಿಗೆಯ ಗಂಜಲ, ಮಾರುಕಟ್ಟೆಯ ಕೊಳೆ, ಚರಂಡಿಗೆ ಗುಟ್ಟಾಗಿ ಜೋಡಿಸಿದ ಶೌಚಗುಂಡಿಯ ಕೊಳವೆ ಇವೆಲ್ಲವೂ ಮೊದಲ ಮಳೆಗಾಗಿ ಕಾದಿರುತ್ತವೆ. ಆದುದರಿಂದಲೇ ಮುಂಗಾರಿನ ಮೊದಲ ಕೆಲವು ಮಳೆಗಳು ಹೊತ್ತೊಯ್ಯುವ ಕೊಳೆಯು ಆನಂತರದ ಮಳೆಗಳಿಗಿಂತ ಹೆಚ್ಚು.

ಇದರ ಪ್ರಮಾಣವನ್ನು ಸದಸ್ಯರು ಸರಳ ಲೆಕ್ಕದಿಂದ ಅರಿಯಬಹುದು. ಒಂದು ಹೆಕ್ಟೇರ್ ನೆಲದ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಬಂದ ನೀರು 5 ಲಕ್ಷ ಲೀಟರ್. ನೆಲವು ಬೈಲುಗದ್ದೆಯಾಗಿದ್ದರೆ ಆ ನೀರು ಬದುಗಳ ನಡುವೆ ನಿಂತು, ಹೂಳನ್ನು ಅಲ್ಲಿಯೇ ಬಿಟ್ಟು, ನಿಧಾನವಾಗಿ ತೋಡನ್ನು ಸೇರುತ್ತದೆ. ಅದೇ ಗದ್ದೆಗೆ ಮಣ್ಣು ತುಂಬಿಸಿ ನಿವೇಶನ, ಇಂಟರ್‌ಲಾಕ್ ಅಂಗಳ, ಡಾಂಬರು ರಸ್ತೆ ಮಾಡಿದರೆ ಅದರಲ್ಲಿ ಬಹುಪಾಲು ಅಲ್ಪ ಸಮಯದಲ್ಲಿಯೇ ತೋಡಿಗೆ ನುಗ್ಗುತ್ತದೆ. ನೀರು ವೇಗವಾದಷ್ಟೂ ದಂಡೆ ಕೊರೆಯುತ್ತದೆ, ಹೂಳು ಹೆಚ್ಚುತ್ತದೆ.

ಅಳಿವೆಯಲ್ಲಿ ಇದರ ಪರಿಣಾಮವನ್ನು ಮೊದಲು ಅನುಭವಿಸುವುದು ಮರುವಾಯಿ. ಅದು ನೀರನ್ನು ಸೋಸಿ ಆಹಾರ ಪಡೆಯುವ ಜೀವಿ. ಹೂಳು ದಪ್ಪವಾಗಿ ಕುಳಿತರೆ ಉಸಿರುಗಟ್ಟುತ್ತದೆ. ಶೌಚದ ನೀರು ಬೆರೆತರೆ ರೋಗಾಣುಗಳು ಅದರ ಮಾಂಸದಲ್ಲಿ ಸಂಗ್ರಹವಾಗುತ್ತವೆ. ಇಳಿತದ ವೇಳೆ ಮೊಣಕಾಲು ನೀರಿನಲ್ಲಿ ನಿಂತು ಮರುವಾಯಿ ಹೆಕ್ಕಿ ಸಂಸಾರ ನಡೆಸುವ ಮಹಿಳೆಯರಿಗೆ ಇದು ದಿನದ ದುಡಿಮೆಯ ಪ್ರಶ್ನೆ. ತಿನ್ನುವವರಿಗೆ ಆರೋಗ್ಯದ ಪ್ರಶ್ನೆ.

ಒಂದು ಅಳಿವೆ ಚೇತರಿಸಿಕೊಂಡ ಬಗೆ

ಕೆಟ್ಟ ಅಳಿವೆಯು ಮತ್ತೆ ಸುಧಾರಿಸಬಲ್ಲುದೇ ಎಂಬ ಸಂಶಯ ಸಹಜ. ಅಮೆರಿಕದ ಫ್ಲೋರಿಡಾ ರಾಜ್ಯದ ಟ್ಯಾಂಪಾ ಬೇ ಇದಕ್ಕೆ ಉತ್ತರ ನೀಡುತ್ತದೆ. ಸುಮಾರು 1,000 ಚದರ ಕಿಲೋಮೀಟರ್ ವಿಸ್ತಾರದ ಈ ಅಳಿವೆಯ ಸುತ್ತ ದೊಡ್ಡ ನಗರಗಳಿವೆ. 1950ರ ದಶಕದಲ್ಲಿ ಅದರ ತಳದಲ್ಲಿ ಸುಮಾರು 40,000 ಎಕರೆ ಕಡಲಹುಲ್ಲು ಇತ್ತು. ನಗರಗಳ ಕೊಳಚೆ ಹಾಗೂ ಮಳೆನೀರಿನೊಡನೆ ಬಂದ ಸಾರಜನಕದಿಂದ ಪಾಚಿ ಉಕ್ಕಿತು. ಬೆಳಕು ತಳ ಮುಟ್ಟಲಿಲ್ಲ. 1982ರ ವೇಳೆಗೆ ಹುಲ್ಲು ಸುಮಾರು 21,600 ಎಕರೆಗೆ ಇಳಿಯಿತು. ಹುಲ್ಲಿನೊಡನೆ ಮೀನಿನ ಮರಿಗಳ ಆಶ್ರಯವೂ ಹೋಯಿತು.

ಜನರ ಒತ್ತಾಯದಿಂದ ಕಠಿಣ ಕಾನೂನು ಬಂದಿತು. 1979ರಲ್ಲಿ ಟ್ಯಾಂಪಾ ನಗರದಲ್ಲಿ ಉನ್ನತ ಮಟ್ಟದ ಶುದ್ಧೀಕರಣ ಘಟಕ ಕಾರ್ಯಾರಂಭ ಮಾಡಿತು. ಕೊಳಚೆ ಹತೋಟಿಗೆ ಬಂದ ಬಳಿಕ ಉಳಿದ ಸಾರಜನಕದ ದೊಡ್ಡ ಮೂಲವು ಮಳೆನೀರೇ ಎಂಬುದು ಸ್ಪಷ್ಟವಾಯಿತು. ಕೊಳಚೆಗೆ ಒಂದು ಕೊಳವೆಯ ಬಾಯಿ ಇರುತ್ತದೆ. ಮಳೆನೀರಿಗೆ ಸಾವಿರ ಬಾಯಿ. ಆದುದರಿಂದ 1996ರಲ್ಲಿ ಸ್ಥಳೀಯ ಆಡಳಿತಗಳೂ ಕೈಗಾರಿಕೆಗಳೂ ಒಂದೇ ಒಕ್ಕೂಟದಲ್ಲಿ ಸೇರಿ, ಸಾರಜನಕದ ಹೊರೆಯನ್ನು ಹೆಚ್ಚದಂತೆ ತಡೆಯುವ ಹೊಣೆಯನ್ನು ಹಂಚಿಕೊಂಡವು. ಮಳೆಯ ತಿಂಗಳುಗಳಾದ ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಹುಲ್ಲುಹಾಸಿಗೆ ಸಾರಜನಕ ಗೊಬ್ಬರ ಹಾಕಬಾರದೆಂದು ಕೆಲವು ಸ್ಥಳೀಯ ಆಡಳಿತಗಳು ನಿಯಮ ಮಾಡಿದವು. ಕರಾವಳಿ ಕರ್ನಾಟಕದ ಮುಂಗಾರಿನ ಅವಧಿಯೂ ಅದೇ ನಾಲ್ಕು ತಿಂಗಳು ಎಂಬುದು ಗಮನಾರ್ಹ.

2016ರ ವೇಳೆಗೆ ಕಡಲಹುಲ್ಲು 41,000 ಎಕರೆಯನ್ನು ಮೀರಿತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅನಂತರದ ವರ್ಷಗಳಲ್ಲಿ ಹುಲ್ಲು ಮತ್ತೆ ಕುಗ್ಗುತ್ತ 2022ರಲ್ಲಿ ಸುಮಾರು 30,000 ಎಕರೆಗೆ ಇಳಿಯಿತು. ಗಳಿಸಲು ಮೂರು ದಶಕ ಹಿಡಿದ ಫಲದಲ್ಲಿ ದೊಡ್ಡ ಪಾಲು ಆರು ವರ್ಷಗಳಲ್ಲಿ ಕೈತಪ್ಪಿತು. ಪುನಶ್ಚೇತನವೆಂಬುದು ಉದ್ಘಾಟನೆಯಾಗಿ ಮುಗಿಯುವ ಕಾಮಗಾರಿಯಲ್ಲ. ಪ್ರತಿ ವರ್ಷದ ನಿರ್ವಹಣೆಯೆಂಬುದನ್ನು ಇದು ತೋರಿಸುತ್ತದೆ.

ಕಾಂಕ್ರೀಟ್ ಚರಂಡಿಯ ಪ್ರಶ್ನೆ

ವಾರ್ಡಿನ ಜನರು ಸದಸ್ಯರ ಮುಂದಿಡುವ ಮೊದಲ ಬೇಡಿಕೆಗಳಲ್ಲಿ ಕಾಂಕ್ರೀಟ್ ಚರಂಡಿಯೂ ಒಂದು. ಮನೆಯ ಮುಂದೆ ಕೊಳೆನೀರು ನಿಲ್ಲಬಾರದೆಂಬ ಬೇಡಿಕೆ ನ್ಯಾಯವಾದುದು; ಅದನ್ನು ಅಲ್ಲಗಳೆಯಲಾಗದು. ಆದರೆ ತಳವನ್ನೂ ಬದಿಗಳನ್ನೂ ಬಿಗಿದ ಚರಂಡಿಯು ಒಂದು ವಾರ್ಡಿನ ತೊಂದರೆಯನ್ನು ಮುಂದಿನ ವಾರ್ಡಿಗೆ, ಅಲ್ಲಿಂದ ಅಳಿವೆಗೆ ವೇಗವಾಗಿ ಸಾಗಿಸುತ್ತದೆಯೇ ಹೊರತು ಪರಿಹರಿಸುವುದಿಲ್ಲ. ಉಬ್ಬರದ ವೇಳೆ ನದಿಯ ಮಟ್ಟವು ಚರಂಡಿಯ ಬಾಯಿಗಿಂತ ಮೇಲೇರಿದರೆ, ಎಷ್ಟು ಅಗಲದ ಚರಂಡಿಯಾದರೂ ನೀರು ಹೊರಹೋಗದು. ತಗ್ಗಿನ ಮನೆಗಳಿಗೆ ನುಗ್ಗುತ್ತದೆ. ಅಂತಹ ಕಡೆ ಪರಿಹಾರವಿರುವುದು ಮೇಲ್ಭಾಗದಲ್ಲಿ ನೀರನ್ನು ತಡೆದು ನಿಲ್ಲಿಸುವುದರಲ್ಲಿ. ಹಿರಿಯರು ಮದಕ, ಕೆರೆ, ಬೈಲುಗಳನ್ನು ಉಳಿಸಿಕೊಂಡಿದ್ದುದರ ಪ್ರಯೋಜನ ಇದೇ ಆಗಿದೆ.

ಪಂಚಾಯತಿಯು ಕೈಗೊಳ್ಳಬಹುದಾದ ಕ್ರಮಗಳು

1. ತೋಡಿನ ನಡಿಗೆ: ಮುಂಗಾರಿಗೆ ಮುನ್ನ ಸದಸ್ಯರು, ಮೀನುಗಾರರು, ಸ್ವಸಹಾಯ ಸಂಘದವರು ತೋಡಿನ ಮೇಲ್ಭಾಗದಿಂದ ಅಳಿವೆಯವರೆಗೆ ನಡೆದು, ನೀರು ಸೇರುವ ಪ್ರತಿಯೊಂದು ಬಾಯಿಯನ್ನೂ ನಕ್ಷೆಯಲ್ಲಿ ಗುರುತಿಸಬೇಕು. ಮಳೆಯಿಲ್ಲದ ದಿನವೂ ನೀರು ಬರುತ್ತಿರುವ ಬಾಯಿಯಲ್ಲಿ ಕೊಳಚೆಯ ಜೋಡಣೆ ಇರುವ ಸಂಭವ ಹೆಚ್ಚು.

2. ಶೌಚದ ನೀರಿನ ಬೇರ್ಪಡಿಕೆ: ಮಳೆನೀರಿನ ಚರಂಡಿಗೆ ಜೋಡಿಸಿದ ಶೌಚಗುಂಡಿಯ ಕೊಳವೆಗಳನ್ನು ನೋಟಿಸು ನೀಡಿ ತೆಗೆಸಬೇಕು. ಬಚ್ಚಲಿನ ನೀರಿಗೆ ಮನೆಯಂಗಳದಲ್ಲಿಯೇ ಇಂಗುಗುಂಡಿ ಇರಬೇಕು. ಅಂತರ್ಜಲ ಮೇಲಿರುವ ನದಿದಡದಲ್ಲಿ ಇಂಗುಗುಂಡಿ ಕೆಲಸ ಮಾಡದು. ಅಲ್ಲಿ ಸಾಮೂಹಿಕ ವ್ಯವಸ್ಥೆಯೇ ಸೂಕ್ತ.

3. ಹೂಳಿನ ಸಾಗಾಟ: ಚರಂಡಿಯಿಂದ ತೆಗೆದ ಹೂಳನ್ನು ದಂಡೆಯಲ್ಲಿಯೇ ರಾಶಿ ಹಾಕಿದರೆ ಮೊದಲ ಮಳೆಗೆ ಅದು ಮರಳಿ ಚರಂಡಿಗೆ ಸೇರುತ್ತದೆ, ಖರ್ಚು ವ್ಯರ್ಥವಾಗುತ್ತದೆ. ಅಂದಾಜುಪಟ್ಟಿಯಲ್ಲಿ ಸಾಗಾಟದ ವೆಚ್ಚವನ್ನೂ ಸೇರಿಸಬೇಕು.

4. ತಂಗುಗುಂಡಿಗಳು: ಚರಂಡಿಯು ತೋಡನ್ನು ಸೇರುವ ಮುನ್ನ ಹೂಳು ಕೂರುವ ಗುಂಡಿ, ಕಸ ತಡೆಯುವ ಜಾಲರಿ, ಹುಲ್ಲು ಬೆಳೆದ ಮಣ್ಣಿನ ಕಾಲುವೆ ಇರಲಿ. ಕಡಿದಾದ ಗುಡ್ಡದ ಇಳಿಜಾರಿನಲ್ಲಿ ಮಾತ್ರ ಇಂಗುಗುಂಡಿ ತೆಗೆಯಬಾರದು. ಒಳಸೇರಿದ ನೀರು ಗುಡ್ಡ ಕುಸಿತಕ್ಕೆ ಕಾರಣವಾಗಬಹುದು.

5. ಕಾಂಡ್ಲಾ: ದಂಡೆಯ ಕಾಂಡ್ಲಾ ಗಿಡಗಳು ಹೂಳನ್ನು ಹಿಡಿದು ಕೊರೆತವನ್ನು ತಗ್ಗಿಸುತ್ತವೆ. ಇರುವ ಗಿಡಗಳ ರಕ್ಷಣೆಯೇ ಮೊದಲ ಕೆಲಸ. ಮರುವಾಯಿ ಹೆಕ್ಕುವ ದಿಬ್ಬಗಳ ಮೇಲೆ ನೆಟ್ಟರೆ ಒಂದನ್ನು ಉಳಿಸಲು ಇನ್ನೊಂದನ್ನು ಕಳೆದಂತಾಗುತ್ತದೆ. ಅರಣ್ಯ ಇಲಾಖೆಯ ಸಲಹೆ, ಹೆಕ್ಕುವವರ ಒಪ್ಪಿಗೆ ಎರಡೂ ಅಗತ್ಯ.

6. ಅಳತೆ: ಬಿಳಿ ತಟ್ಟೆಯೊಂದನ್ನು ಹಗ್ಗಕ್ಕೆ ಕಟ್ಟಿ ನೀರಿಗಿಳಿಸಿ, ಅದು ಕಣ್ಮರೆಯಾಗುವ ಆಳವನ್ನು ತಿಂಗಳಿಗೊಮ್ಮೆ, ಒಂದೇ ಸ್ಥಳದಲ್ಲಿ, ಉಬ್ಬರದ ಒಂದೇ ಹಂತದಲ್ಲಿ ದಾಖಲಿಸಬೇಕು. ಶಾಲಾ ಮಕ್ಕಳೂ ಇದನ್ನು ಹಿರಿಯರ ಜೊತೆಯಲ್ಲಿ ಮಾಡಬಹುದು. ಜೀವವೈವಿಧ್ಯ ನಿರ್ವಹಣಾ ಸಮಿತಿಯ ಬಳಿ ಈ ದಾಖಲೆ ಇರಲಿ.

ನಗರದೊಡನೆ ಹೊಂದಾಣಿಕೆ

ನಗರದ ನೀರು ಹರಿದು ಬರುವಾಗ ಹಳ್ಳಿಯೊಂದೇ ಏನು ಮಾಡೀತು ಎಂಬ ಪ್ರಶ್ನೆ ಸಕಾರಣವಾದುದು. ನಗರಸಭೆಗೆ ಆದೇಶ ನೀಡುವ ಅಧಿಕಾರ ಗ್ರಾಮ ಪಂಚಾಯತಿಗಿಲ್ಲ. ಆದರೆ ಸಂವಿಧಾನದ 243 ಝಡ್‌ಡಿ ಅನುಚ್ಛೇದದ ಪ್ರಕಾರ ಜಿಲ್ಲಾ ಯೋಜನಾ ಸಮಿತಿಯು ಪಂಚಾಯತಿಗಳ ಹಾಗೂ ನಗರ ಸಂಸ್ಥೆಗಳ ಯೋಜನೆಗಳನ್ನು ಕ್ರೋಡೀಕರಿಸುವಾಗ, ನೀರಿನ ಹಂಚಿಕೆಯೂ ಸೇರಿದಂತೆ ಇಬ್ಬರಿಗೂ ಸಮಾನವಾದ ವಿಷಯಗಳನ್ನು ಗಮನಿಸಬೇಕು. ನಕ್ಷೆ, ಛಾಯಾಚಿತ್ರ, ವರ್ಷದ ಅಳತೆ ಇವುಗಳೊಡನೆ ಸಲ್ಲಿಸಿದ ಠರಾವಿಗೆ ಅಲ್ಲಿ ಬೆಲೆಯಿದೆ. ಬರಿಯ ದೂರಿಗೆ ಅಷ್ಟಿಲ್ಲ. ಒಂದೇ ತೋಡಿನ ಮೇಲಿರುವ ಎರಡು ಮೂರು ಪಂಚಾಯತಿಗಳು ಒಟ್ಟಾಗಿ ಸಲ್ಲಿಸಿದರೆ ಬೆಲೆ ಇನ್ನೂ ಹೆಚ್ಚು. ನಗರವನ್ನು ಕೇಳುವ ಮುನ್ನ ತನ್ನ ವ್ಯಾಪ್ತಿಯ ಬಾಯಿಗಳನ್ನು ಸರಿಪಡಿಸಿಕೊಂಡ ಪಂಚಾಯತಿಯ ಮಾತು ಗಟ್ಟಿಯಾಗಿರುತ್ತದೆ.

ಮುಂದಿನ ಸಾಮಾನ್ಯ ಸಭೆಯಲ್ಲಿ ಸದಸ್ಯರು ಈ ಮಾದರಿ ಠರಾವನ್ನು ಪರಿಶೀಲಿಸಬಹುದು: "ಪಂಚಾಯತಿ ವ್ಯಾಪ್ತಿಯ ತೋಡುಗಳಿಗೆ ಸೇರುವ ಎಲ್ಲ ಚರಂಡಿ ಬಾಯಿಗಳನ್ನು ಮುಂಗಾರಿಗೆ ಮುನ್ನ ಗುರುತಿಸತಕ್ಕದ್ದು, ಹೊಸ ಚರಂಡಿ ಕಾಮಗಾರಿಯ ಪ್ರತಿ ಅಂದಾಜುಪಟ್ಟಿಯಲ್ಲಿ ತಂಗುಗುಂಡಿ ಹಾಗೂ ಹೂಳು ಸಾಗಾಟವನ್ನು ಸೇರಿಸತಕ್ಕದ್ದು, ಗುಂಡಿಗಳನ್ನು ಸ್ವಚ್ಛಗೊಳಿಸಿದ ದಿನಾಂಕವನ್ನು ವಹಿಯಲ್ಲಿ ದಾಖಲಿಸಿ ಗ್ರಾಮಸಭೆಯ ಮುಂದಿಡತಕ್ಕದ್ದು."

ಈ ಮೂರು ವಾಕ್ಯಗಳು ಜಾರಿಗೆ ಬಂದ ಪಂಚಾಯತಿಯಲ್ಲಿ ಅಳಿವೆಯ ಪುನಶ್ಚೇತನವು ಆರಂಭವಾಯಿತೆಂದೇ ತಿಳಿಯಬಹುದು.