ವಚನದ ಓದು: ತಾಡವೋಲೆಯಿಂದ ಮೊಬೈಲಿಗೆ

(ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ನೂರು ವರ್ಷಗಳ ಹಿಂದೆ ಬಹುಪಾಲು ವಚನಗಳು ತಾಡವೋಲೆಯ ಕಟ್ಟುಗಳಲ್ಲಿದ್ದವು. ಮಠದಲ್ಲೋ ಮನೆಯ ಜಗುಲಿಯ ಮೇಲೋ ಅವಕ್ಕೆ ಪೂಜೆ ನಡೆಯುತ್ತಿತ್ತು, ಓದು ನಡೆಯುತ್ತಿರಲಿಲ್ಲ. ವಿಜಯಪುರದ ವಕೀಲರಾದ ಫ.ಗು. ಹಳಕಟ್ಟಿಯವರು ಊರೂರು ಅಲೆದು ಅವನ್ನು ಕೂಡಿಸಿದರು. 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗ ಅಚ್ಚಾಯಿತು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಹುಟ್ಟಿದವು. ಈ ಕೆಲಸಕ್ಕಾಗಿ ಅವರು ಇದ್ದ ಮನೆಯನ್ನೇ ಮಾರಿದರು. 1993ರಲ್ಲಿ ಸರಕಾರ ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ತಂದಿತು. ಇಂದು ಅವು ಮೊಬೈಲಿನಲ್ಲಿವೆ. ‘ಕಾಯಕ’ ಎಂಬ ಒಂದು ಪದ ಕೊಟ್ಟರೆ ಸಾಕು, ಯಾವ ಯಾವ ಶರಣರು ಅದನ್ನು ಬಳಸಿದ್ದಾರೆಂದು ಕ್ಷಣದಲ್ಲಿ ತೋರುತ್ತದೆ.

ಒಂದು ಪದದ ಮೇಲೆ ಬೆರಳಿಟ್ಟರೆ ಮತ್ತೊಂದು ಪುಟ ತೆರೆಯುವ ಬರಹಕ್ಕೆ ಹೈಪರ್‌ಟೆಕ್ಸ್ಟ್ ಎನ್ನುತ್ತಾರೆ. 1965ರಲ್ಲಿ ಟೆಡ್ ನೆಲ್ಸನ್ ಈ ಹೆಸರನ್ನು ಬಳಕೆಗೆ ತಂದರು. 1989ರಲ್ಲಿ ಟಿಮ್ ಬರ್ನರ್ಸ್-ಲೀ ಜಿನೀವಾದಲ್ಲಿ ಅದೇ ತತ್ತ್ವದ ಮೇಲೆ ವೆಬ್ಬಿನ ಯೋಜನೆ ಹಾಕಿದರು. ನಮ್ಮವರಿಗೆ ಈ ಬಗೆಯ ಓದು ತೀರ ಹೊಸದಲ್ಲ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ‘ಶೂನ್ಯಸಂಪಾದನೆ’ಯಲ್ಲಿ ಬಿಡಿ ವಚನಗಳನ್ನು ಪ್ರಶ್ನೆ-ಉತ್ತರವಾಗಿ ಜೋಡಿಸಿದರು. ಅಲ್ಲಮಪ್ರಭುಗಳ ಪ್ರಶ್ನೆ ಪಕ್ಕದಲ್ಲಿದ್ದಾಗಲೇ ಅಕ್ಕನ ಉತ್ತರದ ತೂಕ ತಿಳಿಯುತ್ತದೆ.

ಮೊಬೈಲಿನ ಓದು ಈ ಜೋಡಣೆಯನ್ನು ಕಳಚುತ್ತಿದೆ. ಬೆಳಗಾದರೆ ಹೂವಿನ ಚಿತ್ರದ ಮೇಲೆ ಎರಡು ಸಾಲು ಬರುತ್ತವೆ. ಮುಂದಿನ ಸಾಲು ಇಲ್ಲ, ಅಂಕಿತ ಇಲ್ಲ. ಒಮ್ಮೊಮ್ಮೆ ಬಸವಣ್ಣನವರು ನುಡಿಯದ ಮಾತಿಗೂ ಅವರದೇ ಅಂಕಿತ! ನಾವು ಓದದೆ ಕೈಮುಗಿದು ಮುಂದೆ ಕಳಿಸುತ್ತೇವೆ. ಕಟ್ಟಿಗೆ ಹೂವೇರಿಸಿ ಸುಮ್ಮನಾದದ್ದಕ್ಕೂ ಇದಕ್ಕೂ ಏನು ಅಂತರ?

ಇನ್ನು ನಗರದ ಮಾತು. ಕಲ್ಯಾಣಕ್ಕೆ ನಾನಾ ಕಡೆಯಿಂದ, ನಾನಾ ಕಾಯಕದವರು ಬಂದು ಕೂಡಿದರು. ಸಮಗಾರ ಹರಳಯ್ಯ, ಅಂಬಿಗರ ಚೌಡಯ್ಯ, ಆಯ್ದಕ್ಕಿ ಲಕ್ಕಮ್ಮ ಒಂದೇ ನೆರವಿಯವರಾದರು. ಇಂದು ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವ ನಮ್ಮ ಮಕ್ಕಳು ಕೋಣೆಯಲ್ಲಿ ಕುಳಿತೇ ಊರಿನ ಮಠದ ಪ್ರವಚನ ಕೇಳುತ್ತಾರೆ. ಸಂತೋಷವೇ. ಆದರೆ ಅದೇ ಮೊಬೈಲಿನಲ್ಲಿ ಒಳಪಂಗಡಕ್ಕೊಂದು ವಾಟ್ಸ್ಆ್ಯಪ್ ಗುಂಪು, ವಧೂವರರ ಪಟ್ಟಿಗೆ ಮತ್ತೊಂದು. ಪಕ್ಕದ ಮನೆಯ ಶರಣ ಬೇರೆ ಪಂಗಡದವನಾದರೆ ಅವನಿಗೆ ಅಲ್ಲಿ ಪ್ರವೇಶವಿಲ್ಲ. ಶರಣರು ಕೆಡವಿದ ಗೋಡೆಯನ್ನು ನಾವು ಗಾಳಿಯಲ್ಲಿ ಕಟ್ಟುತ್ತಿದ್ದೇವೆ. ಯಂತ್ರಕ್ಕೆ ಜಾತಿಯಿಲ್ಲ, ಗುಂಪಿಗೆ ಹೆಸರಿಟ್ಟವರು ನಾವು.

ಆದ್ದರಿಂದ ಮೂರು ಬಿನ್ನಹ. ವಚನ ಕಳಿಸುವುದಾದರೆ ಇಡಿಯಾಗಿ, ಅಂಕಿತ ಮತ್ತು ಸಂಪುಟದ ವಚನ ಸಂಖ್ಯೆಯೊಡನೆ ಕಳಿಸೋಣ. ವಾರಕ್ಕೊಂದು ವಚನವನ್ನಾದರೂ ನಾಲ್ವರು ಎದುರುಬದುರು ಕುಳಿತು ಓದಿ ಚರ್ಚಿಸೋಣ. ಮೂರನೆಯದು ಕಠಿಣ: ಒಳಪಂಗಡದ ಗುಂಪುಗಳನ್ನು ಮುಚ್ಚಿ, ಇಷ್ಟಲಿಂಗ ಧರಿಸಿದ ಎಲ್ಲರಿಗೂ, ವಚನ ಒಪ್ಪಿದ ಎಲ್ಲರಿಗೂ ಬಾಗಿಲು ತೆರೆಯೋಣ. ಹಳಕಟ್ಟಿಯವರು ಮನೆ ಮಾರಿದರು. ನಾವು ಒಂದು ಗುಂಪನ್ನಾದರೂ ಬಿಡಲಾರೆವೆ?