ಎರಿ, ಮಸಾರಿ ಮತ್ತು ಒಂದು ಮೋಸದ 6

ಇವತ್ತು ಹೊಲದ ಮಾತು, ಜೊತೆಗೆ ಒಂಚೂರು ಸ್ಟ್ಯಾಟಿಸ್ಟಿಕ್ಸ್.

ಗದಗ-ಬೆಟಗೇರಿ ಸುತ್ತ ಕಪ್ಪು ಎರಿ ಹೊಲ ಜಾಸ್ತಿ. ಶಿರಹಟ್ಟಿ ಕಡೆ ಹೋದ್ರೆ ಕೆಂಪು ಮಸಾರಿ ಕಾಣುತ್ತೆ. ಲಕ್ಷ್ಮೇಶ್ವರ, ಮುಂಡರಗಿ ಸೀಮೆಯಲ್ಲಿ ಎರಡೂ ಉಂಟು. ಎರಿ ನೀರನ್ನು ಹಿಡಿದಿಡುತ್ತೆ, ಮಳೆ ಕೈಕೊಟ್ಟಾಗ ಅದೇ ಆಸರೆ. ಆದರೆ ಮಳೆ ಅತಿಯಾದ್ರೆ ನೀರು ನಿಂತು ಬೆಳೆ ಹಳದಿ ಆಗುತ್ತೆ. ಮಸಾರಿಯಲ್ಲಿ ನೀರು ಬೇಗ ಬಸಿದು ಹೋಗುತ್ತೆ, ಅದಕ್ಕೆ ಮಳೆ ಮೇಲಿಂದ ಮೇಲೆ ಬೇಕು.

ಹಾಗಾಗಿ "ಮಳೆ ಜಾಸ್ತಿ ಆದ್ರೆ ಇಳುವರಿ ಎಷ್ಟು ಏರುತ್ತೆ?" ಅಂತ ಕೇಳಿದ್ರೆ, ತಿಳಿದವರು ತಿರುಗಿ ಕೇಳೋದು ಒಂದೇ: "ಯಾವ ಹೊಲದಾಗ್ರೀ?" ಇದನ್ನೇ ಇಂಟರಾಕ್ಷನ್ ಅನ್ನೋದು. ಒಂದರ ಪರಿಣಾಮ ಇನ್ನೊಂದರ ಮೇಲೆ ನಿಂತಿರುತ್ತೆ.

ತಿಳಿಯೋದಕ್ಕೆ ಅಂತ ನಾನೇ ಕಟ್ಟಿದ ನಂಬರ್ ಹೇಳ್ತೀನಿ, ಇದು ನಿಜವಾದ ಸರ್ವೆ ಅಲ್ಲ. ಎಕರೆಗೆ ಮೆಕ್ಕೆಜೋಳ ಎಷ್ಟು ಕ್ವಿಂಟಲ್ ಅನ್ನೋ ಮಾಡೆಲ್:

ಇಳುವರಿ = 4 + 0.3 × ಮಳೆ + 6 × ಎರಿ − 0.2 × ಮಳೆ × ಎರಿ

ಮಳೆ ಸೆಂಟಿಮೀಟರ್‌ನಲ್ಲಿ. ಎರಿ ಹೊಲ ಆದ್ರೆ 1, ಮಸಾರಿ ಆದ್ರೆ 0.

ನಿಮ್ಮೂರಿನ ಹುಡುಗನೊಬ್ಬ ಈ 6 ನೋಡಿ, "ಎರಿ ಅಂದ್ರೆ 6 ಕ್ವಿಂಟಲ್ ಜಾಸ್ತಿ" ಅಂತ ಸಾಲ ಮಾಡಿ, ದುಬಾರಿ ಲಾವಣಿಗೆ ಹೊಲ ಹಿಡಿದ ಅನ್ಕೊಳ್ಳಿ. ಅವನು ಕೆಟ್ಟ! ಆ 6, ಮಳೆ ಸೊನ್ನೆ ಇದ್ದಾಗಿನ ವ್ಯತ್ಯಾಸ. ಹನಿ ಮಳೆ ಬೀಳದ ವರ್ಷ ಬಿತ್ತೋರು ಯಾರು?

ಲೆಕ್ಕ ಹಾಕಿ. 20 ಸೆಂ.ಮೀ. ಮಳೆಗೆ ಮಸಾರಿ 10, ಎರಿ 12. ಲಾಭ 2 ಮಾತ್ರ. 30ಕ್ಕೆ ಎರಡೂ 13. 40ಕ್ಕೆ ಮಸಾರಿ 16, ಎರಿ 14. ಈಗ ಮಸಾರಿಯೇ ಮುಂದೆ!

ಹಾಗೇ 0.3 ಕೂಡ ಎಲ್ಲಾ ಹೊಲದ್ದಲ್ಲ, ಮಸಾರಿಯದ್ದು. ಎರಿಗೆ 0.3ರಲ್ಲಿ 0.2 ಕಳೆಯಬೇಕು, ಉಳಿಯೋದು 0.1.

ಇನ್ನೊಂದು ತಮಾಷೆ ನೋಡಿ. ಮಳೆಯಿಂದ 30 ಕಳೆದು ಅದೇ ಮಾಡೆಲ್ ಮತ್ತೆ ಓಡಿಸಿದ್ರೆ, ಎರಿಯ ಮುಂದಿನ 6 ಸೊನ್ನೆ ಆಗುತ್ತೆ. ಇಳುವರಿಯ ಅಂದಾಜು ಒಂದೂ ಬದಲಾಗಲ್ಲ, −0.2 ಕೂಡ ಹಾಗೇ ಇರುತ್ತೆ. ಅಂದ್ರೆ ಆ ನಂಬರ್ ಬರೀ ಮಣ್ಣಿನ ಗುಣ ಅಲ್ಲ, ನಾವು ಸೊನ್ನೆ ಎಲ್ಲಿಟ್ಟಿದ್ದೀವಿ ಅನ್ನೋದರ ಗುಣವೂ ಹೌದು. ಸೊನ್ನೆ ಬಂತು ಅಂತ "ಮಣ್ಣಿಗೆ ಮಹತ್ವ ಇಲ್ಲ" ಅಂತ ಎರಿಯನ್ನು ಮಾಡೆಲ್‌ನಿಂದ ಕಿತ್ತು ಹಾಕಬೇಡಿ.

ಈ ಪ್ರಶ್ನೆ ಹೊಲದಲ್ಲೇ ಬೆಳೆದದ್ದು. ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿದ್ದ ಫಿಶರ್ ಮತ್ತು ಮೆಕೆಂಜಿ 1923ರಲ್ಲಿ ಬರೆದದ್ದು ಆಲೂಗಡ್ಡೆ ಬಗ್ಗೆ: ಒಂದೇ ಗೊಬ್ಬರಕ್ಕೆ ಬೇರೆ ಬೇರೆ ತಳಿ ಬೇರೆ ಥರ ಸ್ಪಂದಿಸುತ್ತಾ?

ಮುಂದೆ ಯಾರಾದ್ರೂ ರಿಪೋರ್ಟ್ ತೋರಿಸಿ "ಇದರ ಪರಿಣಾಮ ಇಷ್ಟು" ಅಂದ್ರೆ, ಮೊದಲು ಮಾಡೆಲ್‌ನಲ್ಲಿ ಗುಣಾಕಾರದ ಸಾಲು ಇದೆಯಾ ನೋಡಿ. ಇದ್ರೆ ನಮ್ಮ ಕಡೆಯವರ ಹಾಗೇ ಕೇಳಿ: "ಯಾವ ಹೊಲದಾಗ್ರೀ? ಎಷ್ಟು ಮಳಿಗ್ರೀ?"

ಮತ್ತೆ ಸಿಗೋಣ.